ಹಸುವಿಗೆ ಸೂಜಿ ಹಾಕಿದ್ರೆ 7 ದಿನ ಹಾಲು ಮಾರಂಗಿಲ್ಲ: ಈ ನಿಯಮ ಬೋಗಾದಿ ಕೊಟ್ಟಿಗೆಗೆ ಬಂದಿದೆಯಾ?

ಬೋಗಾದಿ: ವಿದೇಶದ ಯಾವುದೋ ಫಾರಂನಲ್ಲಿ ದನದ ಕಿವಿ ಹಿಂದೆ ಗುಳಿಗೆ ಚುಚ್ಚೋ ವಿಡಿಯೋ ನಮ್ಮ ಏರಿಯಾದ ವಾಟ್ಸ್ಆಪ್ ಗ್ರೂಪ್‌ಗಳಲ್ಲಿ ಮತ್ತೆ ಓಡಾಡ್ತಿದೆ. ‘ಇದೇ ಮಾಂಸ, ಇದೇ ಹಾಲು ನಿಮ್ಮ ಮನೆಗೂ ಬರ್ತಿದೆ, ಎಚ್ಚರ’ ಅಂತ ಕೆಳಗೆ ಒಕ್ಕಣೆ. ರಿಂಗ್ ರಸ್ತೆ ಆಚೆ ಈಚೆ ಇನ್ನೂ ಹಸು ಕಟ್ಟಿರೋ ಮನೆಗಳು ಇರೋದ್ರಿಂದ, ಬೆಳಗ್ಗೆ ಕ್ಯಾನ್ ಹಿಡಿದು ಬರೋ ಹಾಲಿನವರನ್ನೇ ಜನ ತಡೆದು ಕೇಳೋ ಹಾಗಾಗಿದೆ: ‘ನೀವೂ ಚುಚ್ತೀರಾ?’

ಉತ್ತರ ಎರಡು ಭಾಗ ಇದೆ. ವಿಡಿಯೋದಲ್ಲಿ ಕಾಣೋ ಆ ಗುಳಿಗೆ ನಮ್ಮ ಕೊಟ್ಟಿಗೆಗಳ ವಿಷಯವೇ ಅಲ್ಲ. ಆದ್ರೆ ಚುಚ್ಚುಮದ್ದು ಇದೆ, ಅದಕ್ಕೆ ನಿಯಮವೂ ಇದೆ, ಮತ್ತೆ ಆ ನಿಯಮ ಪಾಲಿಸಿದ್ರೆ ಆಗೋ ನಷ್ಟ ಪೂರ್ತಿ ಹಸು ಸಾಕಿದವರ ತಲೆ ಮೇಲೇ ಬೀಳುತ್ತೆ. ವಿಡಿಯೋದಲ್ಲಿ ಇಲ್ಲದಿರೋದು ಈ ಎರಡನೇ ಭಾಗ.

ಮೊದಲು ಆ ಗುಳಿಗೆ ವಿಷಯ ಮುಗಿಸಿಬಿಡೋಣ

ಅಮೆರಿಕದಲ್ಲಿ ಮಾಂಸಕ್ಕೆಂದೇ ದನ ಸಾಕುವವರು ಬೇಗ ತೂಕ ಬರಲಿ ಅಂತ ಹಾರ್ಮೋನ್ ಬಳಸ್ತಾರೆ. ಅಲ್ಲಿ ಅದಕ್ಕೆ ಕಾನೂನಿನ ಅನುಮತಿ ಇದೆ. ಈಸ್ಟ್ರಡಿಯಾಲ್, ಪ್ರೊಜೆಸ್ಟರಾನ್, ಟೆಸ್ಟೋಸ್ಟೆರಾನ್, ಜೊತೆಗೆ ಕಾರ್ಖಾನೆಯಲ್ಲಿ ತಯಾರಾಗೋ ಮೂರು, ಒಟ್ಟು 6. ಹೆಚ್ಚಿನವನ್ನ ಕಿವಿಯ ಚರ್ಮದ ಕೆಳಗೆ ಸಣ್ಣ ಗುಳಿಗೆಯಾಗಿ ಇಡ್ತಾರೆ, ಅದು ತಿಂಗಳುಗಟ್ಟಲೆ ನಿಧಾನಕ್ಕೆ ಕರಗುತ್ತೆ. ಯುರೋಪಿನವರು ಇದನ್ನ ಒಪ್ಪಲಿಲ್ಲ. 1989ರಿಂದ ಹಾರ್ಮೋನ್ ಕೊಟ್ಟ ದನದ ಮಾಂಸ ಒಳಗೇ ಬಿಡಲ್ಲ ಅಂದ್ರು. ಅಮೆರಿಕ, ಕೆನಡಾ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 1998ರಲ್ಲಿ ಯುರೋಪ್ ವಿರುದ್ಧ ತೀರ್ಪು ಬಂತು. ಅಪಾಯದ ಅಂದಾಜನ್ನ ಸರಿಯಾಗಿ ಮಾಡದೇ ನಿಷೇಧ ಹಾಕಿದ್ದೀರಿ ಅನ್ನೋದು ತೀರ್ಪಿನ ಸಾರ. ಯುರೋಪ್ ಸುಂಕದ ಪೆಟ್ಟು ತಿಂದರೂ ನಿಷೇಧ ಬಿಡಲಿಲ್ಲ.

ನಮ್ಮ ಕಡೆ ಇದು ಯಾಕೆ ಇಲ್ಲ ಅಂದ್ರೆ, ಮಾಂಸಕ್ಕಾಗಿ ದನ ಕೊಬ್ಬಿಸೋ ಕಸುಬೇ ಇಲ್ಲಿಲ್ಲ. ಭಾರತದಲ್ಲಿ ಮಾಂಸಕ್ಕೆ ಹೋಗೋದು ಬಹುಪಾಲು ಹಾಲು ನಿಂತ ಎಮ್ಮೆ, ಗೇಯ್ದು ಗೇಯ್ದು ಸೋತ ಕೋಣ. ಆ ವಯಸ್ಸಲ್ಲಿ ಗುಳಿಗೆ ಇಟ್ಟು ತೂಕ ಬರಿಸೋಕೆ ದುಡ್ಡು ಯಾರು ಹಾಕ್ತಾರೆ? ಹಸು, ಎತ್ತು, ಕರುವಿನ ಮಾಂಸ ರಫ್ತು ಮಾಡೋದು ದೇಶದಲ್ಲೇ ನಿಷಿದ್ಧ. ಕರ್ನಾಟಕದಲ್ಲಿ 1964ರ ಕಾಯ್ದೆ ಪ್ರಕಾರ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಗಳನ್ನ ಸರ್ಟಿಫಿಕೇಟ್ ಪಡೆದು ಕಡಿಯಬಹುದಿತ್ತು. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ಅದೂ ಹೋಯ್ತು. 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದ ಈ ನಿಯಮದಲ್ಲಿ ಈಗ ಉಳಿದಿರೋದು 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ತಪ್ಪಿದ್ರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ.

ಹಾಗಾಗಿ ಬೋಗಾದಿಯಲ್ಲಿ ‘ದನಕ್ಕೆ ಏನು ಚುಚ್ತಾರೆ’ ಅನ್ನೋ ಪ್ರಶ್ನೆ ಮಾಂಸಕ್ಕಿಂತ ಮೊದಲು ಹಾಲಿನ ಪ್ರಶ್ನೆ.

ಹಾಲು ಇಳಿಸೋ ಸೂಜಿ

ನಮ್ಮ ಕಡೆ ಹಾರ್ಮೋನ್ ಅಂದ್ರೆ ಆಕ್ಸಿಟೋಸಿನ್. ಕರು ಬಾಯಿ ಹಾಕಿದಾಗ ಹಸುವಿನ ಮೈಯಲ್ಲಿ ತಾನಾಗೇ ಊರೋ ವಸ್ತು ಅದು. ಅದು ಊರಿದ್ರೆ ಕೆಚ್ಚಲಲ್ಲಿ ತುಂಬಿರೋ ಹಾಲು ಮೊಲೆಗೆ ಇಳಿಯುತ್ತೆ. ಕರು ಸತ್ತಾಗ ಹಸು ಹಾಲು ಇಳಿಸಲ್ಲ, ಒದೆಯುತ್ತೆ, ಕಟ್ಟಿಕೊಳ್ಳುತ್ತೆ. ಹಿಂದೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸ್ತಿದ್ರು. ಈಗ ಕೆಲವರು ಸೂಜಿ ಹಿಡೀತಾರೆ.

ತಪ್ಪು ತಿಳಿವಳಿಕೆ ಇರೋದು ಇಲ್ಲೇ. ಈ ಸೂಜಿಯಿಂದ ಹಾಲು ಹುಟ್ಟಲ್ಲ, ಇರೋ ಹಾಲು ಇಳಿಯುತ್ತೆ ಅಷ್ಟೇ. ಆ ಹಾಲು ಕುಡಿದ್ರೆ ಹೆಣ್ಣುಮಕ್ಕಳು ಬೇಗ ದೊಡ್ಡವರಾಗ್ತಾರೆ ಅನ್ನೋ ಮಾತು ಎಲ್ಲ ಕಡೆ ಇದೆ. ಆದ್ರೆ ಆಕ್ಸಿಟೋಸಿನ್ ಒಂದು ಸಣ್ಣ ಪ್ರೋಟೀನ್ ತುಂಡು, ನಾವು ತಿಂದ ಬೇಳೆ ಜೀರ್ಣ ಆಗೋ ಹಾಗೆ ಅದೂ ಹೊಟ್ಟೆಯಲ್ಲಿ ಒಡೆದುಹೋಗುತ್ತೆ. ಬಿಎಸ್ಸಿ ಅರ್ಧಕ್ಕೆ ಬಿಟ್ಟ ನನಗೂ ಅರ್ಥ ಆಗೋ ವಿಷಯ ಇದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ ಹಾಲು ಪರೀಕ್ಷೆ ಮಾಡಿ, ಸೂಜಿ ಹಾಕಿದ್ರಿಂದ ಹಾಲಿನಲ್ಲಿ ಆಕ್ಸಿಟೋಸಿನ್ ಪ್ರಮಾಣ ಹೆಚ್ಚಾಗಲ್ಲ ಅಂತ ಹೇಳಿದೆ.

ಹಾಗಂತ ಹಾಕಬಹುದು ಅಂತಲ್ಲ. ಪೆಟ್ಟು ಬೀಳೋದು ಹಸುವಿಗೆ. ದಿನಾ ಸೂಜಿಗೆ ಒಗ್ಗಿದ ಹಸು ಆಮೇಲೆ ಸೂಜಿ ಇಲ್ಲದೆ ಹಾಲೇ ಇಳಿಸಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಇದನ್ನೇ ಹಿಡಿದಿದೆ. ಹಾಲು ಹೆಚ್ಚಿಸೋಕೆ ಪ್ರಾಣಿಯ ಆರೋಗ್ಯ ಕೆಡಿಸೋ ಚುಚ್ಚುಮದ್ದು ಕೊಟ್ಟರೆ 2 ವರ್ಷದವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೊತೆಗೆ ಹಸುವೂ ಸರ್ಕಾರಕ್ಕೆ. ದಂಡಕ್ಕಿಂತ ಹೆದರಿಸೋದು ಆ ಕೊನೇ ಸಾಲು. ಒಂದು ಎಚ್‌ಎಫ್ ಹಸುವಿನ ಬೆಲೆ ಗೊತ್ತಿರೋರಿಗೆ ಅದನ್ನ ಬಿಡಿಸಿ ಹೇಳಬೇಕಿಲ್ಲ.

ಆಕ್ಸಿಟೋಸಿನ್ ಕತೆಯಲ್ಲಿ ನಮ್ಮ ರಾಜ್ಯದ ಹೆಸರೂ ಇದೆ. ಕಳ್ಳ ಬಳಕೆ ನಿಲ್ಲಿಸ್ತೀವಿ ಅಂತ ಕೇಂದ್ರ ಆರೋಗ್ಯ ಸಚಿವಾಲಯ 2018ರ ಏಪ್ರಿಲ್ 27ರಂದು ಅಧಿಸೂಚನೆ ಹೊರಡಿಸಿ, ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಈ ಔಷಧ ತಯಾರಿಸೋ ಹಾಗಿಲ್ಲ ಅಂದಿತು. ಇಡೀ ದೇಶಕ್ಕೆ ಪೂರೈಸೋ ಹೊಣೆ ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್‌ಗೆ ಬಿತ್ತು. ಆದ್ರೆ ಇದೇ ಔಷಧ ಹೆರಿಗೆ ವಾರ್ಡಿನಲ್ಲಿ ಬಾಣಂತಿಯ ರಕ್ತಸ್ರಾವ ನಿಲ್ಲಿಸೋಕೂ ಬೇಕು. ಒಂದೇ ಕಂಪನಿ ಮೇಲೆ ನಂಬಿ ಕೂತ್ರೆ ತಾಯಂದಿರ ಜೀವದ ಗತಿ ಏನು ಅನ್ನೋ ಪ್ರಶ್ನೆ ಬಂತು. 2018ರ ಡಿಸೆಂಬರ್ 14ರಂದು ದೆಹಲಿ ಹೈಕೋರ್ಟ್ ಅಧಿಸೂಚನೆಯನ್ನ ರದ್ದು ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನ ದೊಡ್ಡ ಪೀಠಕ್ಕೆ ಕಳಿಸಿತು. ಪಶು ವೈದ್ಯರು ಇದನ್ನ ಬಳಸೋದ್ರಲ್ಲಿ ತಪ್ಪಿಲ್ಲ. ಈದ ಮೇಲೆ ಮಾಸು ಬೀಳದಿದ್ರೆ, ಬಾವು ಬಂದ ಕೆಚ್ಚಲು ಖಾಲಿ ಮಾಡಬೇಕಿದ್ರೆ ಅವರು ಕೊಡ್ತಾರೆ. ಚೀಟಿ ಇಲ್ಲದೆ, ಲೇಬಲ್ ಇಲ್ಲದ ಬಾಟಲಿಯಲ್ಲಿ ಕೈಯಿಂದ ಕೈಗೆ ದಾಟೋದು ಅಪರಾಧ.

ನಿಜವಾದ ತಲೆನೋವು ಆಂಟಿಬಯಾಟಿಕ್

ಹಾರ್ಮೋನ್ ಬಗ್ಗೆ ಎಲ್ಲರೂ ಮಾತಾಡ್ತಾರೆ. ಕೊಟ್ಟಿಗೆಯಲ್ಲಿ ದಿನನಿತ್ಯ ಬಳಕೆಯಾಗೋದು ಆಂಟಿಬಯಾಟಿಕ್. ಹೆಚ್ಚು ಹಾಲು ಕೊಡೋ ಎಚ್‌ಎಫ್, ಜೆರ್ಸಿ ತಳಿಗಳಿಗೆ ಕೆಚ್ಚಲು ಬಾವು ಬರೋದು ಸಾಮಾನ್ಯ. ಕೊಟ್ಟಿಗೆ ನೆಲ ಒದ್ದೆ ಇದ್ರೆ, ಹಾಲು ಕರೆದ ಮೇಲೆ ಹಸು ತಕ್ಷಣ ಮಲಗಿದ್ರೆ, ಕೈ ತೊಳೆಯದೇ ಒಂದರಿಂದ ಇನ್ನೊಂದಕ್ಕೆ ಹೋದ್ರೆ ಬರುತ್ತೆ. ಕೆಚ್ಚಲು ಕಲ್ಲಾಗುತ್ತೆ, ಹಾಲು ಒಡೆದ ಹಾಗೆ ಗರಣೆ ಗರಣೆ ಬರುತ್ತೆ. ಆಗ ಡಾಕ್ಟ್ರು ಬಂದು ಸೂಜಿ ಹಾಕ್ತಾರೆ, ಜೊತೆಗೆ ಮೊಲೆಯೊಳಗೆ ಏರಿಸೋ ಟ್ಯೂಬು. ಕಾಯಿಲೆ ಬಿದ್ದ ಹಸುವಿಗೆ ಔಷಧ ಕೊಡದೆ ಬಿಡೋಕಾಗಲ್ಲ. ಕಾನೂನೂ ಬೇಡ ಅನ್ನಲ್ಲ. ಕಾನೂನು ಕೇಳೋದು ಒಂದೇ: ಔಷಧ ಮೈಯಿಂದ ಹೋಗೋವರೆಗೂ ಆ ಹಾಲು ಮಾರಬೇಡಿ.

ಎಷ್ಟು ದಿನ? 2012ರಲ್ಲಿ ಔಷಧ ನಿಯಮಗಳ 97ನೇ ನಿಯಮಕ್ಕೆ ತಿದ್ದುಪಡಿ ಆಯ್ತು. ಆಹಾರ ಕೊಡೋ ಪ್ರಾಣಿಗೆ ಬಳಸೋ ಔಷಧದ ಬಾಟಲಿ ಮೇಲೆ, ಕೊನೇ ಡೋಸ್ ಆದ ಮೇಲೆ ಎಷ್ಟು ದಿನ ಬಿಟ್ಟು ಹಾಲು, ಮೊಟ್ಟೆ, ಮಾಂಸ ಬಳಸಬಹುದು ಅಂತ ಬರೆದಿರಲೇಬೇಕು. ಕಂಪನಿ ಪರೀಕ್ಷೆ ಮಾಡಿ ತನ್ನದೇ ಅವಧಿ ಗೊತ್ತು ಮಾಡಿದ್ರೆ ಅದನ್ನ ಹಾಕಬೇಕು. ಇಲ್ಲದಿದ್ರೆ ಹಾಲು ಮತ್ತು ಮೊಟ್ಟೆಗೆ ಕಡಿಮೆ ಅಂದ್ರೂ 7 ದಿನ, ಮಾಂಸಕ್ಕೆ ಕಡಿಮೆ ಅಂದ್ರೂ 28 ದಿನ.

ದಿನ ಎಣಿಸೋದು ಮೊದಲ ಸೂಜಿಯಿಂದ ಅಲ್ಲ, ಕೊನೇ ಸೂಜಿಯಿಂದ. ಇದನ್ನ ಎಷ್ಟೋ ಜನ ಉಲ್ಟಾ ತಿಳ್ಕೊಂಡಿದ್ದಾರೆ. 3 ದಿನ ಚಿಕಿತ್ಸೆ ನಡೆದ್ರೆ ಒಟ್ಟು 10 ದಿನದ ಹತ್ರ ಆಯ್ತು. ಒಂದೇ ಮೊಲೆಗೆ ಟ್ಯೂಬ್ ಹಾಕಿದ್ದೀವಿ, ಉಳಿದ ಮೂರರ ಹಾಲು ಹಾಕಬಹುದು ಅನ್ನೋರೂ ಇದ್ದಾರೆ. ತಪ್ಪು. ಔಷಧ ರಕ್ತಕ್ಕೆ ಸೇರಿ ಬೇರೆ ಮೊಲೆಗಳಿಗೂ ಬರಬಹುದು, ನಾಲ್ಕರದ್ದೂ ಬಿಡಬೇಕು. ಲೇಬಲ್ಲಿನ ಡೋಸ್‌ಗಿಂತ ಜಾಸ್ತಿ ಹಾಕಿದ್ರೆ ಲೇಬಲ್ಲಿನ ದಿನವೂ ಲೆಕ್ಕಕ್ಕೆ ಬರಲ್ಲ.

ಈಗ ದುಡ್ಡಿನ ಲೆಕ್ಕ. ದಿನಕ್ಕೆ 10 ಲೀಟರ್ ಕೊಡೋ ಹಸು ಅಂತ ಇಟ್ಕೊಳ್ಳಿ, ಲೀಟರ್‌ಗೆ 35 ರೂಪಾಯಿ ಸಿಗುತ್ತೆ ಅಂತ ಇಟ್ಕೊಳ್ಳಿ. 7 ದಿನಕ್ಕೆ 2,450 ರೂಪಾಯಿ. ಚಿಕಿತ್ಸೆಯ 3 ದಿನ ಸೇರಿಸಿದ್ರೆ 3,500. ಡೇರಿಗೆ ಹಾಕಿದ ಪ್ರತಿ ಲೀಟರ್‌ಗೆ ಸರ್ಕಾರ ಕೊಡೋ 5 ರೂಪಾಯಿ ಪ್ರೋತ್ಸಾಹಧನವೂ ಆ ದಿನಗಳಿಗೆ ಇಲ್ಲ. ಡಾಕ್ಟ್ರ ಖರ್ಚು, ಔಷಧದ ಖರ್ಚು ಬೇರೆ. ಹಿಂಡಿ, ಬೂಸಾ ಮಾತ್ರ ಆ 10 ದಿನವೂ ಹಾಕಲೇಬೇಕು. ಜಾನುವಾರು ವಿಮೆ ಇದೆ, ಅದು ಹಸು ಸತ್ತರೆ ಬರೋದು. ಚೆಲ್ಲಿದ ಹಾಲಿಗೆ ಯಾರೂ ಕಾಸು ಕೊಡಲ್ಲ. ಎರಡೇ ಹಸು ಇರೋ ಮನೆಯಲ್ಲಿ ಒಂದರ ಹಾಲು 10 ದಿನ ನಿಂತ್ರೆ ತಿಂಗಳ ಸಾಲದ ಕಂತು ತಪ್ಪುತ್ತೆ. ನಿಯಮ ಮುರಿಯೋರನ್ನೆಲ್ಲ ದುರಾಸೆಯವರು ಅಂತ ಬೈಯೋದು ಸುಲಭ. ಈ ಲೆಕ್ಕ ನೋಡಿದ ಮೇಲೆ ನನಗೆ ಹಾಗೆ ಅನ್ಸಲ್ಲ.

ಒಂದು ಹಸುವಿನ ಹಾಲು ಎಷ್ಟು ಕೆಡಿಸುತ್ತೆ?

ಹೋಗಲಿ, ಒಂದು ಹಸುವಿನ ಹಾಲು ನೂರಾರು ಲೀಟರ್ ಜೊತೆ ಸೇರಿದ್ರೆ ತೆಳುವಾಗಿ ಹೋಗುತ್ತಲ್ಲ ಅನ್ನಬಹುದು. ಪೆನಿಸಿಲಿನ್‌ಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಇಟ್ಟಿರೋ ಮಿತಿ ಒಂದು ಕಿಲೋ ಹಾಲಿಗೆ 4 ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಅಂದ್ರೆ 1,000 ಮೈಕ್ರೋಗ್ರಾಂ. ಒಂದು ಟ್ಯೂಬಿನಲ್ಲಿ 200 ಮಿಲಿಗ್ರಾಂ ಪೆನಿಸಿಲಿನ್ ಇತ್ತು, ಅದರ ಹತ್ತರಲ್ಲಿ ಒಂದು ಭಾಗ ಮುಂದಿನ ಹೊತ್ತಿನ ಹಾಲಿನಲ್ಲಿ ಬಂತು ಅಂತ ಇಟ್ಕೊಳ್ಳಿ. 20 ಮಿಲಿಗ್ರಾಂ ಆಯ್ತು. ಅದನ್ನ ಮಿತಿಯೊಳಗೆ ತರೋಕೆ 5,000 ಲೀಟರ್ ಶುದ್ಧ ಹಾಲು ಬೇಕು. ಊರಿನ ಡೇರಿಯ ಕೂಲರ್‌ನಲ್ಲಿ ಎಷ್ಟು ಹಾಲು ಹಿಡಿಯುತ್ತೆ ಅಂತ ನೋಡಿದೋರಿಗೆ ಈ ಸಂಖ್ಯೆಯ ತೂಕ ಗೊತ್ತಾಗುತ್ತೆ.

ಕಾಯಿಸಿದ್ರೆ ಹೋಗಲ್ವಾ? ಹೋಗಲ್ಲ. ಮನೆಯಲ್ಲಿ ಉಕ್ಕಿಸೋ ಬಿಸಿಗೆ ಕ್ರಿಮಿ ಸಾಯುತ್ತೆ, ಆದ್ರೆ ಬಹುತೇಕ ಆಂಟಿಬಯಾಟಿಕ್‌ಗಳು ಆ ಬಿಸಿ ತಡ್ಕೊಳ್ಳುತ್ತವೆ. ಇದರ ಸುಳಿವು ಅಡುಗೆಮನೆಯಲ್ಲೇ ಕೆಲವೊಮ್ಮೆ ಸಿಗುತ್ತೆ. ಹೆಪ್ಪು ಹಾಕಿದ ಹಾಲು ಮೊಸರಾಗೋದು ಒಳ್ಳೇ ಬ್ಯಾಕ್ಟೀರಿಯಾದಿಂದ, ಆಂಟಿಬಯಾಟಿಕ್ ಇದ್ರೆ ಅವೂ ಬೆಳೆಯಲ್ಲ. ಚಳಿಗೂ ಮೊಸರು ಹೆಪ್ಪಾಗಲ್ಲ, ಹೆಪ್ಪು ಹಳೇದಾಗಿದ್ರೂ ಆಗಲ್ಲ. ಆದ್ದರಿಂದ ಒಂದು ದಿನ ಮೊಸರು ಆಗಲಿಲ್ಲ ಅಂತ ಹಾಲಿನವರ ಮೇಲೆ ಜಗಳಕ್ಕೆ ಹೋಗಬೇಡಿ. ಆದ್ರೆ ದೊಡ್ಡ ಡೇರಿಗಳು ಬಳಸೋ ಒಂದು ಬಗೆಯ ಪರೀಕ್ಷೆ ಕೆಲಸ ಮಾಡೋದೂ ಇದೇ ತತ್ವದ ಮೇಲೆ. ಹಾಲಿಗೆ ನಿರುಪದ್ರವಿ ಬ್ಯಾಕ್ಟೀರಿಯಾ ಬಿಡ್ತಾರೆ, ಬೆಳೆದ್ರೆ ಬಣ್ಣ ಬದಲಾಗುತ್ತೆ, ಬಣ್ಣ ಹಾಗೇ ಉಳಿದ್ರೆ ಹಾಲಲ್ಲಿ ಔಷಧ ಇದೆ ಅಂತ ಅರ್ಥ. ಕೆಲವೇ ನಿಮಿಷದಲ್ಲಿ ಗೆರೆ ತೋರಿಸೋ ಪಟ್ಟಿಗಳೂ ಇವೆ.

ಇದರಿಂದ ಜನರಿಗೆ ಆಗೋ ತೊಂದರೆ ಎರಡು ಬಗೆ. ಪೆನಿಸಿಲಿನ್ ಅಲರ್ಜಿ ಇರೋರಿಗೆ ಸ್ವಲ್ಪವೇ ಸಾಕು, ಮೈಯೆಲ್ಲ ದದ್ದು. ಎರಡನೇದು ನಿಧಾನದ್ದು. ಮತ್ತೆ ಮತ್ತೆ ಸಣ್ಣ ಪ್ರಮಾಣದ ಔಷಧ ತಾಗಿದ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದ ಹಾಗೆ ಗಟ್ಟಿಯಾಗ್ತವೆ. ಮೊದಲು ಆಗೋದು ಕೊಟ್ಟಿಗೆಯಲ್ಲೇ. ಔಷಧದ ಹಾಲನ್ನ ಚೆಲ್ಲೋ ಬದಲು ಕರುವಿಗೆ ಕುಡಿಸೋ ಅಭ್ಯಾಸ ಇದೆಯಲ್ಲ, ಆ ಕರುವಿನ ಹೊಟ್ಟೆಯಲ್ಲಿ. ಮುಂದೆ ಅದೇ ಹಸುವಿಗೆ ಬಾವು ಬಂದಾಗ ಹಳೇ ಸೂಜಿ ಹಿಡಿಯಲ್ಲ, ದುಬಾರಿ ಸೂಜಿ ಬೇಕಾಗುತ್ತೆ. ‘ಡೇರಿಗೆ ಹಾಕಲ್ಲ, ಮನೆಗೆ ಕಾಫಿಗೆ ಇಟ್ಕೊಳ್ತೀವಿ’ ಅನ್ನೋ ಮಾತೂ ಕೇಳಿದ್ದೀನಿ. ಊರವರಿಗೆ ಬೇಡದ ಹಾಲು ನಿಮ್ಮ ಮಕ್ಕಳಿಗೆ ಹೇಗೆ ಒಗ್ಗುತ್ತೆ ಸ್ವಾಮಿ?

ಪೂರ್ತಿ ನಿಷೇಧ ಆಗಿರೋ ಔಷಧಗಳು

ಕೆಲವಕ್ಕೆ 7 ದಿನದ ಮಾತೇ ಇಲ್ಲ, ಪೂರ್ತಿ ಬಂದ್. ಕೊಲಿಸ್ಟಿನ್ ಅನ್ನೋದು ಮನುಷ್ಯರಿಗೆ ಬೇರೆ ಯಾವ ಔಷಧವೂ ನಾಟದಿದ್ದಾಗ ಐಸಿಯುನಲ್ಲಿ ಕೊಡೋದು. ಅದನ್ನೇ ಕೋಳಿ, ದನದ ಮೇವಿಗೆ ಬೆರೆಸೋರಿದ್ರು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನ ಆಹಾರ ಕೊಡೋ ಪ್ರಾಣಿಗಳಿಗೆ ತಯಾರಿಸೋದು, ಮಾರೋದು ನಿಷೇಧಿಸಿತು. 2025ರ ಮಾರ್ಚ್‌ನಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳಿಗೂ ಅದೇ ಗತಿ ಆಯ್ತು. ಆಹಾರ ಸುರಕ್ಷತಾ ಪ್ರಾಧಿಕಾರದ ತಿದ್ದುಪಡಿ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಾಲು, ಮಾಂಸ, ಮೊಟ್ಟೆ, ಮೀನು ಉತ್ಪಾದನೆಯ ಯಾವ ಹಂತದಲ್ಲೂ ಬಳಸಬಾರದ ಆಂಟಿಬಯಾಟಿಕ್‌ಗಳ ಪಟ್ಟಿಯನ್ನ ಅದು ಉದ್ದ ಮಾಡಿದೆ.

ಹೊರದೇಶದಲ್ಲೂ ಇದೇ ದಿಕ್ಕು. ಹಾರ್ಮೋನ್‌ಗೆ ಅನುಮತಿ ಕೊಡೋ ಅಮೆರಿಕ ಕೂಡ, ಮನುಷ್ಯರಿಗೆ ಮುಖ್ಯವಾದ ಆಂಟಿಬಯಾಟಿಕ್‌ಗಳನ್ನ ದನ ದಪ್ಪ ಆಗಲಿ ಅಂತ ಮೇವಿಗೆ ಬೆರೆಸೋದನ್ನ 2017ರ ಜನವರಿಯಿಂದ ನಿಲ್ಲಿಸಿದೆ. ಯುರೋಪ್ 2022ರ ಜನವರಿ 28ರಿಂದ ಇನ್ನೂ ಬಿಗಿ ಮಾಡಿ, ಕಾಯಿಲೆ ಇಲ್ಲದ ಹಿಂಡಿಗೆ ಸುಮ್ಮನೆ ರೂಢಿಗೆ ಕೊಡೋದನ್ನೂ ತಡೆದಿದೆ.

ಕಾನೂನು ಯಾರನ್ನ ಹಿಡಿಯುತ್ತೆ?

ಇಲ್ಲೊಂದು ವಿಚಿತ್ರ ಇದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 21ನೇ ಸೆಕ್ಷನ್, ಆಹಾರದಲ್ಲಿ ಪಶು ಔಷಧ, ಆಂಟಿಬಯಾಟಿಕ್ ಶೇಷ ಮಿತಿ ಮೀರಬಾರದು ಅನ್ನುತ್ತೆ. ಅದೇ ಕಾಯ್ದೆಯ 18ನೇ ಸೆಕ್ಷನ್, ಈ ಕಾಯ್ದೆ ರೈತರಿಗೆ, ಅವರ ಕೃಷಿ ಕೆಲಸಕ್ಕೆ, ಜಾನುವಾರಿಗೆ ಅನ್ವಯ ಆಗಲ್ಲ ಅನ್ನುತ್ತೆ. ಅಂದ್ರೆ ಕೊಟ್ಟಿಗೆಯೊಳಗೆ ಆಹಾರ ಇನ್‌ಸ್ಪೆಕ್ಟರ್ ಬರಲ್ಲ. ಹಾಲು ಕೊಟ್ಟಿಗೆ ದಾಟಿ ವ್ಯಾಪಾರಕ್ಕೆ ಬಂದ ಮೇಲೆ ಹೊಣೆ ಕೊಂಡು ಮಾರೋರದ್ದು. ರೈತರನ್ನ ಕೋರ್ಟಿಗೆ ಎಳೆಯೋದು ಬೇಡ ಅನ್ನೋ ಉದ್ದೇಶ ಸರಿಯೇ. ಆದ್ರೆ ಔಷಧ ಹಾಲಿಗೆ ಸೇರೋ ಜಾಗ ಕೊಟ್ಟಿಗೆ, ಕಾನೂನು ಕಣ್ಣು ಬಿಡೋ ಜಾಗ ಡೇರಿ. ನಡುವೆ ಇರೋದು ಬಾಟಲಿ ಮೇಲಿನ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರ.

ಸಂಘಕ್ಕೆ ಸದಸ್ಯರಾಗಿ ಪೂರ್ತಿ ಹಾಲು ಅಲ್ಲಿಗೇ ಹಾಕೋರಿಗೆ ಆಹಾರ ಪ್ರಾಧಿಕಾರದ ನೋಂದಣಿ ಬೇಕಿಲ್ಲ. ನೇರವಾಗಿ ಮನೆ ಮನೆಗೆ ಮಾರೋರಿಗೆ ಬೇಕು, ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಸಂಘದ ಹಾಲು ಮೈಮುಲ್ ಮೂಲಕ ಡೇರಿಗೆ ಹೋಗಿ ಪರೀಕ್ಷೆಯ ಬಾಗಿಲು ದಾಟಬೇಕು. ಬೋಗಾದಿ ರಸ್ತೆಯ ಅಪಾರ್ಟ್‌ಮೆಂಟ್‌ಗಳಿಗೆ ‘ನಾಟಿ ಹಾಲು, ಕೆಮಿಕಲ್ ಇಲ್ಲ’ ಅಂತ ಬಾಟಲಿಯಲ್ಲಿ ಬರೋ ದುಬಾರಿ ಹಾಲಿಗೆ ಆ ಬಾಗಿಲು ಇಲ್ಲ. ಮಾರೋರ ಮಾತೇ ಗ್ಯಾರಂಟಿ. ಆ ಹಾಲು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಪ್ಯಾಕೆಟ್ ಹಾಲಿಗಿಂತ ಔಷಧಮುಕ್ತ ಅಂತ ನಂಬೋಕೆ ಆಧಾರ ಇಲ್ಲ ಅಂತಿದ್ದೀನಿ.

ಹಾಗಂತ ಎಲ್ಲ ಹಾಲೂ ವಿಷ ಅಂತ ಗಾಬರಿ ಬೀಳೋದೂ ಬೇಡ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ 1,103 ಊರುಗಳಿಂದ 6,432 ಸ್ಯಾಂಪಲ್ ತೆಗೆಸಿತ್ತು. ಆಂಟಿಬಯಾಟಿಕ್ ಮಿತಿ ಮೀರಿದ್ದು 77ರಲ್ಲಿ, ಅಂದ್ರೆ ನೂರಕ್ಕೆ ಒಂದು ಚಿಲ್ಲರೆ. ಅದಕ್ಕಿಂತ ಹೆಚ್ಚು, 368 ಸ್ಯಾಂಪಲ್‌ನಲ್ಲಿ ಅಫ್ಲಟಾಕ್ಸಿನ್ ಸಿಕ್ಕಿತ್ತು. ಅದು ಚುಚ್ಚುಮದ್ದಿನದ್ದಲ್ಲ, ಬೂಷ್ಟು ಹಿಡಿದ ಹಿಂಡಿ, ಮೇವಿನಿಂದ ಬರೋದು. ಅದರ ಬಗ್ಗೆ ವಾಟ್ಸ್ಆಪ್‌ನಲ್ಲಿ ಒಂದು ವಿಡಿಯೋವನ್ನೂ ನಾನು ನೋಡಿಲ್ಲ.

28 ದಿನ ಎಣಿಸೋರು ಯಾರು?

ಇನ್ನು ಮಾಂಸ. ಬಾವು ವಾಸಿಯಾಗದೆ ಒಂದು ಮೊಲೆ ಸತ್ತ ಹಸು, ಗಬ್ಬ ನಿಲ್ಲದ ಎಮ್ಮೆ ಕೊಟ್ಟಿಗೆಯಲ್ಲಿ ಉಳಿಯಲ್ಲ. ಸಂತೆಗೋ ದಲ್ಲಾಳಿಗೋ ಹೋಗುತ್ತೆ. ಮಾರೋದು ಸಾಮಾನ್ಯವಾಗಿ ಚಿಕಿತ್ಸೆ ಎಲ್ಲ ಮಾಡಿ ಸೋತ ಮೇಲೆ, ಅಂದ್ರೆ ಕೊನೇ ಸೂಜಿ ಬಿದ್ದ ಕೆಲವೇ ದಿನದಲ್ಲಿ. ಕೊಂಡೋರಿಗೆ ಯಾವ ಔಷಧ, ಯಾವತ್ತು ಅನ್ನೋ ಚೀಟಿ ಸಿಗಲ್ಲ.

ಸರ್ಟಿಫಿಕೇಟ್ ಪಡೆದ ಮುದಿ ಎಮ್ಮೆ ಲೈಸೆನ್ಸ್ ಇರೋ ಕಸಾಯಿಖಾನೆಗೆ ಹೋದ್ರೆ ಪಶು ವೈದ್ಯರು ಕಡಿಯೋ ಮುಂಚೆ, ಕಡಿದ ಮೇಲೆ ನೋಡ್ತಾರೆ. ಜ್ವರ, ಬಾವು, ಹುಳ ಕಣ್ಣಿಗೆ ಕಾಣುತ್ತೆ. ಔಷಧದ ಶೇಷ ಕಾಣಲ್ಲ, ಅದಕ್ಕೆ ಲ್ಯಾಬೇ ಬೇಕು. ಕಾನೂನಿನ ಕಣ್ಣು ತಪ್ಪಿಸಿ ನಡೆಯೋ ವ್ಯವಹಾರದಲ್ಲಂತೂ ಆ ನೋಟವೂ ಇಲ್ಲ. ಗೋಹತ್ಯೆ ನಿಷೇಧದ ಪರ ವಿರೋಧ ಏನೇ ಇರಲಿ, ಅದರ ಚರ್ಚೆಯಲ್ಲಿ ಈ 28 ದಿನದ ಮಾತು ಯಾರ ಬಾಯಲ್ಲೂ ಬಂದಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ದಾರಿ ಇಲ್ಲ ಅಂತೇನಿಲ್ಲ. ದನದ ಕಿವಿಗೆ ಹಾಕಿರೋ ಹಳದಿ ಓಲೆಯಲ್ಲಿ 12 ಅಂಕಿಯ ನಂಬರ್ ಇದೆ. ಲಸಿಕೆ, ಕೃತಕ ಗರ್ಭಧಾರಣೆ ಎಲ್ಲ ಆ ನಂಬರ್ ಮೇಲೇ ಕಂಪ್ಯೂಟರ್‌ಗೆ ಏರುತ್ತೆ. ಸೂಜಿ ಹಾಕಿದ ತಾರೀಕು, ಔಷಧದ ಹೆಸರು ಕೂಡ ಪ್ರತಿ ಸಲ ತಪ್ಪದೆ ಏರಿ, ಮಾರೋವಾಗ ಮೊಬೈಲಿನಲ್ಲಿ ಕಾಣೋ ಹಾಗಾದ್ರೆ 28 ದಿನ ಎಣಿಸೋಕೆ ಯಾರ ನೆನಪೂ ಬೇಕಿಲ್ಲ.

ರಾಮನಗರದ ರಣಹದ್ದು ಗೊತ್ತಲ್ಲ

ದನಕ್ಕೆ ಹಾಕೋ ಒಂದು ಔಷಧ ಎಲ್ಲಿಗೆ ಮುಟ್ಟುತ್ತೆ ಅಂತ ಈ ಹಿಂದೆಯೇ ಒಮ್ಮೆ ನೋಡಿದ್ದೀವಿ. ನೋವಿಗೆ ಕೊಡೋ ಡೈಕ್ಲೋಫೆನಾಕ್ ಸತ್ತ ದನದ ಮೈಯಲ್ಲಿ ಉಳಿದು, ಅದನ್ನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ದೇಶದಲ್ಲಿ ಕೋಟಿಗಟ್ಟಲೆ ಇದ್ದ ಹಕ್ಕಿ ಬೆರಳೆಣಿಕೆಗೆ ಬಂತು. ಮೈಸೂರಿನಿಂದ ಬೆಂಗಳೂರಿಗೆ ಹೋಗೋ ದಾರಿಯಲ್ಲಿ ಸಿಗೋ ರಾಮದೇವರ ಬೆಟ್ಟವನ್ನ 2012ರಲ್ಲಿ ರಣಹದ್ದು ಧಾಮ ಮಾಡಿದ್ದು, ಉಳಿದ ಕೆಲವನ್ನ ಕಾಪಾಡೋಕೆ.

2006ರಲ್ಲೇ ದನಕ್ಕೆ ಡೈಕ್ಲೋಫೆನಾಕ್ ನಿಷೇಧ ಆಗಿತ್ತು. ಆದ್ರೆ ಮನುಷ್ಯರ ಔಷಧವಾಗಿ 30 ಎಂಎಲ್ ದೊಡ್ಡ ಬಾಟಲಿ ಅಂಗಡಿಯಲ್ಲಿ ಸಿಗ್ತಾನೇ ಇತ್ತು, ಅದನ್ನೇ ದನಕ್ಕೆ ಹಾಕ್ತಿದ್ರು. 2015ರಲ್ಲಿ ಸರ್ಕಾರ 3 ಎಂಎಲ್‌ನ ಒಂದೇ ಡೋಸಿನ ಬಾಟಲಿ ಮಾತ್ರ ಮಾರಬೇಕು ಅಂತ ಆದೇಶ ಮಾಡಿತು. ಒಂದು ಎಮ್ಮೆಗೆ ಅಂತ ಐದಾರು ಬಾಟಲಿ ಒಡೆಯೋದು ಯಾರಿಗೂ ಗಿಟ್ಟಲ್ಲ. ಗೆಜೆಟ್‌ನಲ್ಲಿ ಬೇಡ ಅಂದಿದ್ದಕ್ಕಿಂತ ಕೌಂಟರ್‌ನಲ್ಲಿ ಬಾಟಲಿ ಸಣ್ಣ ಮಾಡಿದ್ದು ಜಾಣ ಕೆಲಸ ಅಂತ ನನ್ನ ಅನಿಸಿಕೆ. ಆಂಟಿಬಯಾಟಿಕ್‌ಗೂ ಅಂಥದ್ದೇ ಬೇಕು. ಲೇಬಲ್ ಮೇಲೆ ‘7 ದಿನ ಹಾಲು ಬೇಡ’ ಅಂತ ದೊಡ್ಡ ಕನ್ನಡ ಅಕ್ಷರ. ಬಾವು ಬಂದಿದೆ ಅಂತ ತಾನಾಗೇ ಹೇಳಿ ಹಾಲು ನಿಲ್ಲಿಸಿದವರಿಗೆ ಸಂಘದ ಲಾಭದಿಂದ ದಿನಕ್ಕೆ ಅರ್ಧ ಬೆಲೆಯಾದ್ರೂ. ಹಾಗೆ ಮಾಡಿದ್ರೆ ಒಂದು ಟ್ಯಾಂಕರ್ ಹಾಲು ಕೆಟ್ಟು ಚೆಲ್ಲೋದಕ್ಕಿಂತ ಕಡಿಮೆ ಖರ್ಚು.

ಹಸು ಇರೋರು, ಹಾಲು ಕೊಳ್ಳೋರು ಏನು ಮಾಡಬಹುದು

ಸರ್ಕಾರದ ಪಶು ಸಂಜೀವಿನಿ ವಾಹನಕ್ಕೆ 1962ಕ್ಕೆ ಫೋನ್ ಮಾಡಬಹುದು, ಕರೆ ಉಚಿತ. ಮೆಡಿಕಲ್ ಶಾಪಿನವರ ಮಾತು ಕೇಳಿ ತಾವೇ ಸೂಜಿ ಹಾಕೋದಕ್ಕಿಂತ ಇದು ಮೇಲು. ಅಷ್ಟಕ್ಕೂ ಆಂಟಿಬಯಾಟಿಕ್ ಚೀಟಿ ಇಲ್ಲದೆ ಮಾರೋ ಔಷಧವೇ ಅಲ್ಲ. ಸೂಜಿ ಹಾಕಿಸಿಕೊಂಡ ಹಸುವಿನ ಕೊಂಬಿಗೋ ಕಾಲಿಗೋ ಒಂದು ಕೆಂಪು ಬಟ್ಟೆ ಕಟ್ಟಿ, ಗೋಡೆಯಲ್ಲಿ ತಾರೀಕು ಬರೆದಿಡಿ. ಮನೆಯಲ್ಲಿ ಬೆಳಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ಕರೆಯೋದ್ರಿಂದಲೇ ಎಷ್ಟೋ ಸಲ ಔಷಧದ ಹಾಲು ಗೊತ್ತಿಲ್ಲದೆ ಕ್ಯಾನಿಗೆ ಸೇರೋದು. ಆ ಹಸುವನ್ನ ಕೊನೆಗೆ ಕರೀರಿ.

ಕೊಳ್ಳೋರಿಗೆ ಅನುಮಾನ ಬಂದ್ರೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಅಂತಲೇ ಕೊಳ್ತಿದ್ದೀನಿ ಅಂತ ಮಾರೋರಿಗೆ ಕೊಳ್ಳೋವಾಗಲೇ ಹೇಳಬೇಕು. ಆಹಾರ ಪ್ರಾಧಿಕಾರದ ಉಚಿತ ದೂರು ಸಂಖ್ಯೆ 1800 112 100. ವರದಿ ಒಪ್ಪದೆ ಮೇಲ್ಮನವಿ ಹೋದ್ರೆ ಸ್ಯಾಂಪಲ್ ಕಳಿಸೋ ದೇಶದ ರೆಫರಲ್ ಲ್ಯಾಬ್‌ಗಳಲ್ಲಿ ಒಂದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲೇ ಇದೆ.

ಅದಕ್ಕೂ ಮುಂಚೆ, ಹಾಲಿನವರು ‘ನಾಳೆಯಿಂದ ಒಂದು ವಾರ ಅರ್ಧ ಲೀಟರ್ ಕಡಿಮೆ ಕೊಡ್ತೀನಿ, ಒಂದು ಹಸುವಿಗೆ ಸೂಜಿ ಹಾಕ್ಸಿದ್ದೀನಿ’ ಅಂತ ಬಂದು ಹೇಳಿದ್ರೆ ಬೇರೆಯವರ ಹಾಲು ಹಿಡಿಯೋಕೆ ಹೋಗಬೇಡಿ. ಆ ವಾರ ಅರ್ಧ ಲೀಟರ್ ಪ್ಯಾಕೆಟ್ ತಂದ್ಕೊಳ್ಳಿ, ಎಂಟನೇ ದಿನದಿಂದ ಮತ್ತೆ ಅವರ ಹತ್ರಾನೇ ಪೂರ್ತಿ ತಗೊಳ್ಳಿ.